ಹಸಿದ ಯೀಸ್ಟ್ ಹೇಗೆ ಬದುಕುತ್ತದೆ?

ಮಕ್ಕಳೇ, ಭಾಲ್ಕಿಯ ಬೇಕರಿಯಿಂದ ತಂದ ಪಾವ್ ಅನ್ನು ಮುರಿದು ನೋಡಿದ್ದೀರಾ? ಒಳಗೆಲ್ಲ ಸಣ್ಣ ಸಣ್ಣ ತೂತುಗಳು ಇರುತ್ತವೆ. ಹಿಟ್ಟನ್ನು ಹೀಗೆ ಉಬ್ಬಿಸುವುದು ಯೀಸ್ಟ್ ಎಂಬ ಸೂಕ್ಷ್ಮಜೀವಿ. ಬೇಕರಿಗೆ ಇದು ಪೊಟ್ಟಣದಲ್ಲಿ ಬರುತ್ತದೆ. ಪೊಟ್ಟಣ ಬಿಚ್ಚಿದರೆ ಕಾಣುವುದು ಗಸಗಸೆಯಂಥ ಒಣ ಹರಳುಗಳು. ತಿಂಗಳುಗಟ್ಟಲೆ ಅವಕ್ಕೆ ನೀರಿಲ್ಲ, ಆಹಾರವಿಲ್ಲ. ಆದರೂ ಉಗುರುಬೆಚ್ಚಗಿನ ಸಕ್ಕರೆ ನೀರಿಗೆ ಹಾಕಿದ ಸ್ವಲ್ಪ ಹೊತ್ತಿನಲ್ಲೇ ನೊರೆ ಏಳುತ್ತದೆ. ಅಂದರೆ ಅದು ಸತ್ತಿರಲಿಲ್ಲ. ಹಾಗಾದರೆ ಅಷ್ಟು ದಿನ ಊಟವಿಲ್ಲದೆ ಹೇಗೆ ಬದುಕಿತ್ತು? ಬನ್ನಿ, ತಿಳಿಯೋಣ.

ಒಂದೇ ಕೋಶದ ಜೀವಿ

ಯೀಸ್ಟ್ ಒಂದು ಶಿಲೀಂಧ್ರ. ನಾಯಿಕೊಡೆಯ ಬಳಗಕ್ಕೆ ಸೇರಿದ್ದು. ಆದರೆ ಇದರ ಇಡೀ ದೇಹ ಒಂದೇ ಜೀವಕೋಶ. ಸುಮಾರು 200 ಯೀಸ್ಟ್ ಕೋಶಗಳನ್ನು ಸಾಲಾಗಿ ಇಟ್ಟರೆ ಒಂದು ಮಿಲಿಮೀಟರ್ ಆಗುತ್ತದೆ. ಇಷ್ಟು ಚಿಕ್ಕದಾದರೂ ನಮ್ಮ ಕೋಶದಲ್ಲಿರುವಂತೆ ಇದರಲ್ಲೂ ಕೋಶಕೇಂದ್ರ ಇದೆ, ಮೈಟೋಕಾಂಡ್ರಿಯ ಇದೆ. ಆದ್ದರಿಂದಲೇ ನಮ್ಮ ಕೋಶಗಳ ಬಗ್ಗೆ ತಿಳಿಯಲು ವಿಜ್ಞಾನಿಗಳು ಯೀಸ್ಟನ್ನು ಸಾಕುತ್ತಾರೆ. ಇದರ ಸುಮಾರು 6,000 ಜೀನುಗಳ ಪೂರ್ಣ ಪಟ್ಟಿ 1996ರಲ್ಲಿ ಸಿದ್ಧವಾಯಿತು.

ಸಕ್ಕರೆ ಇದ್ದಾಗ

ಕೋಶದ ಪ್ರತಿಯೊಂದು ಕೆಲಸಕ್ಕೂ ಶಕ್ತಿ ಬೇಕು. ಆಹಾರದಿಂದ ಬಂದ ಶಕ್ತಿಯನ್ನು ಕೋಶವು ಎ.ಟಿ.ಪಿ. ಎಂಬ ಅಣುವಿನ ರೂಪಕ್ಕೆ ತಂದು ಬಳಸುತ್ತದೆ. ಆಹಾರವನ್ನು ಒಡೆಯುವುದು, ಶಕ್ತಿ ಪಡೆಯುವುದು, ಹೊಸ ವಸ್ತು ಕಟ್ಟುವುದು ಈ ಎಲ್ಲ ಕ್ರಿಯೆಗಳಿಗೆ ಒಟ್ಟಾಗಿ ಚಯಾಪಚಯ ಎನ್ನುತ್ತೇವೆ.

ಯೀಸ್ಟಿಗೆ ಶಕ್ತಿ ಪಡೆಯಲು ಎರಡು ದಾರಿಗಳಿವೆ. ಮೊದಲನೆಯದು ಹುದುಗುವಿಕೆ. ಇದರಲ್ಲಿ ಸಕ್ಕರೆ ಅರ್ಧಂಬರ್ಧ ಒಡೆದು ಇಂಗಾಲದ ಡೈ ಆಕ್ಸೈಡ್ ಮತ್ತು ಮದ್ಯಸಾರ ಉಂಟಾಗುತ್ತವೆ. ಪಾವ್ ಉಬ್ಬುವುದು ಈ ಅನಿಲದಿಂದ. ಮದ್ಯಸಾರ ಒಲೆಯ ಬಿಸಿಗೆ ಆರಿಹೋಗುತ್ತದೆ. ಎರಡನೆಯದು ಆಮ್ಲಜನಕ ಬಳಸುವ ಉಸಿರಾಟ. ಇದು ಮೈಟೋಕಾಂಡ್ರಿಯದಲ್ಲಿ ನಡೆಯುತ್ತದೆ. ಅಷ್ಟೇ ಸಕ್ಕರೆಯಿಂದ ಇದು ಹಲವು ಪಟ್ಟು ಹೆಚ್ಚು ಎ.ಟಿ.ಪಿ. ಕೊಡುತ್ತದೆ.

ಸಕ್ಕರೆ ಧಾರಾಳವಾಗಿದ್ದಾಗ ಯೀಸ್ಟ್ ಮೊದಲ ದಾರಿಯನ್ನೇ ಹಿಡಿಯುತ್ತದೆ. ಇದರಲ್ಲಿ ವ್ಯರ್ಥ ಹೆಚ್ಚು, ಆದರೆ ಕೆಲಸ ಬೇಗ. ಯೀಸ್ಟ್ ಗಬಗಬನೆ ತಿನ್ನುತ್ತದೆ, ಬೆಳೆಯುತ್ತದೆ, ಮೈಮೇಲೆ ಮೊಗ್ಗು ಬಿಟ್ಟು ಮರಿ ಕೋಶಗಳನ್ನು ಹಡೆಯುತ್ತದೆ. ಸಕ್ಕರೆ ಮುಗಿದ ಮೇಲೆ ತಾನೇ ಹೊರಹಾಕಿದ ಮದ್ಯಸಾರವನ್ನು ಉಸಿರಾಟದ ದಾರಿಯಲ್ಲಿ ಬಳಸಿಕೊಳ್ಳುತ್ತದೆ. ಅದೂ ಮುಗಿದರೆ ನಿಜವಾದ ಹಸಿವು ಶುರು.

ಬರ ಬಂದಾಗ

ನಿಮ್ಮ ಸಾಯಗಾಂವದ ಹಿರಿಯರನ್ನು 1972ರ ಬರದ ಬಗ್ಗೆ ಕೇಳಿ ನೋಡಿ. ಬರಗಾಲದಲ್ಲಿ ಮನೆ ನಡೆಸುವವರು ಮೂರು ಕೆಲಸ ಮಾಡುತ್ತಾರೆ. ಹೊಸ ಖರ್ಚು ನಿಲ್ಲಿಸುತ್ತಾರೆ. ಹಗೇವಿನಲ್ಲಿ ಕೂಡಿಟ್ಟ ಜೋಳವನ್ನು ಅಳೆದು ಬಳಸುತ್ತಾರೆ. ಹಳೆಯ ಸಾಮಾನನ್ನೇ ರಿಪೇರಿ ಮಾಡಿಕೊಳ್ಳುತ್ತಾರೆ. ಯೀಸ್ಟ್ ಕೋಶವೂ ಇದನ್ನೇ ಮಾಡುತ್ತದೆ!

ಮೊದಲನೆಯದು, ಬೆಳವಣಿಗೆ ನಿಲ್ಲಿಸುವುದು. ಕೋಶದಲ್ಲಿ 'ಟಾರ್' ಎಂಬ ಪ್ರೋಟೀನ್ ಇದೆ. ಇದರ ಜೀನುಗಳನ್ನು 1991ರಲ್ಲಿ ಯೀಸ್ಟಿನಲ್ಲೇ ಮೊದಲು ಗುರುತಿಸಿದರು. ಆಹಾರ ಇದ್ದಾಗ ಟಾರ್ 'ಬೆಳೆ, ಬೆಳೆ' ಎಂದು ಸೂಚನೆ ಕೊಡುತ್ತದೆ. ಆಹಾರ ತಪ್ಪಿದರೆ ಸುಮ್ಮನಾಗುತ್ತದೆ. ಆಗ ಕೋಶ ಮೊಗ್ಗು ಬಿಡುವುದನ್ನು ನಿಲ್ಲಿಸುತ್ತದೆ.

ಎರಡನೆಯದು, ಕೂಡಿಟ್ಟದ್ದನ್ನು ಬಳಸುವುದು. ಸಕ್ಕರೆ ಮುಗಿಯುತ್ತಾ ಬಂದಂತೆ ಯೀಸ್ಟ್ ಗ್ಲೈಕೋಜನ್ ಮತ್ತು ಟ್ರೆಹಲೋಸ್ ಎಂಬ ಎರಡು ವಸ್ತುಗಳನ್ನು ತುಂಬಿಕೊಳ್ಳಲು ತೊಡಗುತ್ತದೆ. ಇವು ಕೋಶದ ಹಗೇವು. ಗ್ಲೂಕೋಸಿನ ಎರಡು ಅಣುಗಳು ಕೂಡಿದರೆ ಒಂದು ಟ್ರೆಹಲೋಸ್. ಇದಕ್ಕೆ ಇನ್ನೊಂದು ಗುಣವಿದೆ. ಕೋಶ ಒಣಗಿದಾಗ ಇದು ಪ್ರೋಟೀನುಗಳೂ ಕೋಶಪೊರೆಯೂ ಕೆಡದಂತೆ ಕಾಯುತ್ತದೆ. ಪೊಟ್ಟಣದ ಒಣ ಯೀಸ್ಟ್ ಬದುಕಿರುವುದಕ್ಕೆ ಇದು ಮುಖ್ಯ ಕಾರಣ.

ಮೂರನೆಯದು, ಹಳೆಯದನ್ನು ಕಳಚಿ ಮತ್ತೆ ಬಳಸುವುದು. ಜಪಾನಿನ ವಿಜ್ಞಾನಿ ಯೋಶಿನೋರಿ ಒಸುಮಿ ಯೀಸ್ಟ್ ಕೋಶಗಳನ್ನು ಹಸಿವಿಗೆ ಒಡ್ಡಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕೋಶದೊಳಗಿನ ರಸದಾನಿಯಲ್ಲಿ ಕೆಲವೇ ಗಂಟೆಗಳಲ್ಲಿ ಪುಟ್ಟ ಪುಟ್ಟ ಚೀಲಗಳು ತುಂಬಿಕೊಂಡವು. ಆ ಚೀಲಗಳಲ್ಲಿ ಇದ್ದದ್ದು ಕೋಶದ್ದೇ ಭಾಗಗಳು! ಕೋಶ ಅವನ್ನು ಒಡೆದು, ಸಿಕ್ಕ ವಸ್ತುವಿನಿಂದ ಅಗತ್ಯವಾದದ್ದನ್ನು ಕಟ್ಟಿಕೊಳ್ಳುತ್ತದೆ. ಇದಕ್ಕೆ ಸ್ವಭಕ್ಷಣೆ ಎಂದು ಹೆಸರು. ಈ ಕ್ರಿಯೆ ನಡೆಸಲಾಗದ ಯೀಸ್ಟ್ ಕೋಶಗಳು ಹಸಿವಿನಲ್ಲಿ ಬೇಗ ಸಾಯುತ್ತವೆ ಎಂಬುದನ್ನೂ ಅವರು ತೋರಿಸಿದರು. 2016ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ನಮ್ಮ ದೇಹದ ಕೋಶಗಳಲ್ಲೂ ಸ್ವಭಕ್ಷಣೆ ನಡೆಯುತ್ತದೆ.

ಯೀಸ್ಟಿಗೂ ಮುಪ್ಪು

ತಾಯಿ ಕೋಶದಿಂದ ಮರಿ ಬೇರೆಯಾದ ಜಾಗದಲ್ಲಿ ಒಂದು ಕಲೆ ಉಳಿಯುತ್ತದೆ. ಕಲೆಗಳನ್ನು ಎಣಿಸಿದರೆ ತಾಯಿ ಎಷ್ಟು ಮರಿ ಹಾಕಿದೆ ಎಂದು ತಿಳಿಯುತ್ತದೆ. ಒಂದು ತಾಯಿ ಕೋಶ ಸಾಮಾನ್ಯವಾಗಿ 20ರಿಂದ 30 ಮರಿಗಳ ನಂತರ ಮುಪ್ಪಾಗಿ ಸಾಯುತ್ತದೆ. ಹೀಗೆ ಯೀಸ್ಟಿಗೂ ಮುಪ್ಪಿದೆ ಎಂಬುದು 1959ರಲ್ಲಿ ಗೊತ್ತಾಯಿತು.

2000ದಲ್ಲಿ ಅಮೆರಿಕದ ಲಿಯೊನಾರ್ಡ್ ಗ್ವಾರೆಂಟಿ ಅವರ ತಂಡ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿತು. ಯೀಸ್ಟ್ ಬೆಳೆಸುವಾಗ ಸಾಮಾನ್ಯವಾಗಿ ನೂರಕ್ಕೆ 2 ಭಾಗ ಗ್ಲೂಕೋಸ್ ಕೊಡುತ್ತಾರೆ. ಅವರು ಅದನ್ನು ಅರ್ಧ ಭಾಗಕ್ಕೆ ಇಳಿಸಿದರು. ಆಗ ತಾಯಿ ಕೋಶಗಳು ಮೊದಲಿಗಿಂತ ಹೆಚ್ಚು ಮರಿ ಹಾಕಿ, ಹೆಚ್ಚು ಕಾಲ ಬದುಕಿದವು! ಸಕ್ಕರೆ ಕಡಿಮೆಯಾದಾಗ ಕೋಶ ಉಸಿರಾಟದ ದಾರಿಗೆ ಹೊರಳುತ್ತದೆ, ದುರಸ್ತಿಗೆ ಹೆಚ್ಚು ಗಮನ ಕೊಡುತ್ತದೆ. ಬರ ದಾಟಿಸುವ ಏರ್ಪಾಡೇ ಮುಪ್ಪನ್ನೂ ಮುಂದೂಡುತ್ತದೆ ಎಂದಾಯಿತು.

ಬೆಂಗಳೂರಿನ ಶೋಧ

ಇಲ್ಲಿಯವರೆಗೆ ಒಂಟಿ ಕೋಶದ ಮಾತಾಯಿತು. ಲಕ್ಷಾಂತರ ಕೋಶಗಳು ಒಂದೇ ಗುಂಪಿನಲ್ಲಿದ್ದಾಗ ಸಕ್ಕರೆ ಕಡಿಮೆಯಾದರೆ? ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿ ಸುನಿಲ್ ಲಕ್ಷ್ಮಣ್ ಅವರ ತಂಡ ಇದನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿತು. ಗುಂಪಿನ ಕೋಶಗಳೆಲ್ಲ ಒಂದೇ ಜೀನುಗಳವು. ಆದರೂ ಅವು ಎರಡು ಬಗೆಯಾದವು. ಒಂದು ಬಗೆಯ ಕೋಶಗಳು ಅಮೈನೋ ಆಮ್ಲಗಳಿಂದ ಟ್ರೆಹಲೋಸ್ ತಯಾರಿಸಿದವು. ಅದು ಹೊರಗೆ ಸಾಕಷ್ಟು ಸೇರಿದಾಗ ಇನ್ನು ಕೆಲವು ಕೋಶಗಳು ಅದನ್ನು ತಿಂದು ಬೇಗ ಬೇಗ ಬೆಳೆದವು. ಬರದಲ್ಲಿ ಕೆಲಸ ಹಂಚಿಕೊಂಡ ಊರಿನಂತೆ ಅಲ್ಲವೇ?

ಹಾಗಾದರೆ ನಾವೂ ಊಟ ಬಿಡಬೇಕೇ?

ಖಂಡಿತ ಬೇಡ. ಹಸಿದ ಯೀಸ್ಟ್ ಮೊದಲು ಏನನ್ನು ನಿಲ್ಲಿಸಿತು, ನೆನಪಿದೆಯೇ? ಬೆಳವಣಿಗೆಯನ್ನು. ನೀವು ಈಗ ಬೆಳೆಯುವ ವಯಸ್ಸಿನವರು. ಎಲುಬು, ಸ್ನಾಯು, ಮಿದುಳು ಎಲ್ಲವೂ ಬೆಳೆಯಬೇಕು. ಅದಕ್ಕೆ ಜೋಳದ ರೊಟ್ಟಿ, ತೊಗರಿ ಬೇಳೆ, ತಪ್ಪಲು ಪಲ್ಯ, ಹಾಲು ಎಲ್ಲವೂ ಬೇಕು. ಶಾಲೆಯ ಬಿಸಿಯೂಟವನ್ನು ಒಂದು ದಿನವೂ ಬಿಡಬೇಡಿ.

ಮಾಡಿ ನೋಡಿ

ಬೇಕಾಗುವ ಸಾಮಗ್ರಿ: ಒಣ ಯೀಸ್ಟ್, ಸಕ್ಕರೆ, ಎರಡು ಸಣ್ಣ ಬಾಟಲಿ, ಎರಡು ಬಲೂನು, ಉಗುರುಬೆಚ್ಚಗಿನ ನೀರು.

1. ಎರಡೂ ಬಾಟಲಿಗಳಿಗೆ ಅರ್ಧ ಲೋಟ ನೀರು, ಒಂದೊಂದು ಚಮಚ ಯೀಸ್ಟ್ ಹಾಕಿ.
2. ಒಂದು ಬಾಟಲಿಗೆ ಮಾತ್ರ ಎರಡು ಚಮಚ ಸಕ್ಕರೆ ಹಾಕಿ.
3. ಬಾಯಿಗೆ ಬಲೂನು ಸಿಕ್ಕಿಸಿ. ಮುಚ್ಚಳ ಹಾಕಬೇಡಿ, ಅನಿಲದ ಒತ್ತಡಕ್ಕೆ ಸಿಡಿಯಬಹುದು.
4. ಒಂದು ಗಂಟೆಯ ನಂತರ ಯಾವ ಬಲೂನು ಉಬ್ಬಿದೆ, ನೋಡಿ.
5. ಮರುದಿನ ಸಕ್ಕರೆ ಇಲ್ಲದ ಬಾಟಲಿಗೂ ಸಕ್ಕರೆ ಹಾಕಿ ಗಮನಿಸಿ.

ಪ್ರಯೋಗವನ್ನು ಶಿಕ್ಷಕರ ಎದುರಿನಲ್ಲೇ ಮಾಡಿ. ಬಾಟಲಿಯ ದ್ರವವನ್ನು ಕುಡಿಯಬೇಡಿ.

ಯೋಚಿಸಿ

1. ಒಂದು ದಿನ ಹಸಿದಿದ್ದ ಯೀಸ್ಟ್ ಬಲೂನು ಉಬ್ಬಿಸಿದರೆ ಅದರಿಂದ ಏನು ತಿಳಿಯುತ್ತದೆ?
2. ಬಿಸಿ ನೀರಿನ ಬದಲು ಕುದಿಯುವ ನೀರು ಹಾಕಿದರೆ ಏನಾಗಬಹುದು?
3. ಬೀಜಗಳೂ ಒಣಗಿದ ಸ್ಥಿತಿಯಲ್ಲಿ ಬಹುಕಾಲ ಬದುಕಿರುತ್ತವೆ. ಯೀಸ್ಟಿಗೂ ಬೀಜಕ್ಕೂ ಏನು ಹೋಲಿಕೆ?