ಧರ್ಮವನ್ನು ಸಮಾಜಶಾಸ್ತ್ರವು ನೋಡುವ ಬಗೆ

ಧರ್ಮವು ಅನುಭಾವದ ವಿಷಯ. ಅದನ್ನು ಅಳೆದು ತೂಗಿ ವಿವರಿಸಹೊರಟರೆ ಶ್ರದ್ಧೆಗೆ ಕುಂದು ಬಾರದೇ ಎಂಬ ಶಂಕೆ ಅನೇಕ ಸದ್ಭಕ್ತರಲ್ಲಿದೆ. ಕಾಲೇಜಿನಲ್ಲಿ ಸಮಾಜಶಾಸ್ತ್ರವನ್ನು ಓದುವ ಮಕ್ಕಳು ಮನೆಯಲ್ಲಿ ಎತ್ತುವ ಪ್ರಶ್ನೆಗಳಿಂದ ಹಿರಿಯರು ಕಳವಳಗೊಳ್ಳುವುದೂ ಉಂಟು. ಆದ್ದರಿಂದ ಈ ಶಾಸ್ತ್ರದ ರೀತಿಯನ್ನು ಅರಿಯುವುದು ಉಚಿತ.

ದೇವರು ಇರುವನೋ ಇಲ್ಲವೋ ಎಂಬುದು ಸಮಾಜಶಾಸ್ತ್ರದ ಪ್ರಶ್ನೆಯಲ್ಲ. ದೇವರನ್ನು ನಂಬಿದವರು ಒಂದುಗೂಡಿ ಏನನ್ನು ಆಚರಿಸುತ್ತಾರೆ, ಆ ಆಚರಣೆಯಿಂದ ಅವರ ಪರಸ್ಪರ ಸಂಬಂಧವು ಹೇಗೆ ರೂಪುಗೊಳ್ಳುತ್ತದೆ ಎಂಬುದೇ ಅದರ ಪ್ರಶ್ನೆ. ಫ್ರಾನ್ಸಿನ ಎಮಿಲ್ ಡರ್ಖೈಮ್ ಆಸ್ಟ್ರೇಲಿಯದ ಮೂಲನಿವಾಸಿಗಳನ್ನು ಕುರಿತ ವರದಿಗಳನ್ನು ಪರಿಶೀಲಿಸಿ, 1912ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಪವಿತ್ರವೆಂದು ಭಾವಿಸಿದ ವಸ್ತುಗಳನ್ನು ಕುರಿತ ನಂಬಿಕೆ ಹಾಗೂ ಆಚರಣೆಗಳು ಜನರನ್ನು ಒಂದೇ ನೈತಿಕ ಸಮುದಾಯವನ್ನಾಗಿ ಬೆಸೆಯುತ್ತವೆ ಎಂಬುದು ಅವರ ಪ್ರತಿಪಾದನೆ. ಜನರು ದೇವರಲ್ಲಿ ಕಾಣುವ ಶಕ್ತಿಯು ವಾಸ್ತವವಾಗಿ ಸಮಾಜದ್ದೇ ಎಂದೂ ಅವರು ಹೇಳಿದರು. ಮೊದಲನೆಯದು ಕಣ್ಣಾರೆ ನೋಡಿ ಪರೀಕ್ಷಿಸಬಹುದಾದ ಸಂಗತಿ; ಎರಡನೆಯದು ತತ್ತ್ವನಿರ್ಣಯ. ಮೊದಲನೆಯದನ್ನು ಒಪ್ಪಿದವನು ಎರಡನೆಯದನ್ನೂ ಒಪ್ಪಲೇಬೇಕೆಂಬ ನಿರ್ಬಂಧವಿಲ್ಲ. ಈ ಭೇದವನ್ನು ತಿಳಿದರೆ ಕಳವಳಕ್ಕೆ ಆಸ್ಪದವಿರದು.

ಡರ್ಖೈಮರ ವಿಚಾರವನ್ನು ಬೆಳೆಸಿದ ರಾಡ್‌ಕ್ಲಿಫ್-ಬ್ರೌನರ ಮಾರ್ಗದರ್ಶನವನ್ನು ಆಕ್ಸ್‌ಫರ್ಡ್‌ನಲ್ಲಿ ಪಡೆದವರು ಮೈಸೂರಿನ ಎಂ. ಎನ್. ಶ್ರೀನಿವಾಸರು. ಕೊಡವರ ಧರ್ಮ ಹಾಗೂ ಸಮಾಜವನ್ನು ಕುರಿತ ಅವರ ಗ್ರಂಥವು 1952ರಲ್ಲಿ ಪ್ರಕಟವಾಯಿತು. ಒಂದೇ ಮೂಲಪುರುಷನ ಸಂತತಿಯಾದ 'ಒಕ್ಕ'ವು ಕೊಡವರ ಬಾಳಿನ ಆಧಾರ. ಹೊಸ ಭತ್ತದ ಪುತ್ತರಿ ಹಬ್ಬದಂದು ಒಕ್ಕದವರು ಐನ್‌ಮನೆಯಲ್ಲಿ ಕೂಡಿ, ಗದ್ದೆಗೆ ಹೋಗಿ ಕದಿರನ್ನು ಕೊಯ್ದು ತರುತ್ತಾರೆ. ಹಬ್ಬವು ಬೆಳೆಯ ಸಂಭ್ರಮವಷ್ಟೇ ಅಲ್ಲ, ಚದುರಿದ ಬಂಧುಗಳನ್ನು ಮರಳಿ ಒಂದುಗೂಡಿಸುವ ಸೂತ್ರವೂ ಹೌದು. ಹಾಗೆಯೇ ಗ್ರಾಮದೇವತೆಯ ಹಬ್ಬವು ಹಲವು ಜಾತಿಗಳನ್ನು ತಮ್ಮ ತಮ್ಮ ಕರ್ತವ್ಯಗಳ ಮೂಲಕ ಒಂದೆಡೆ ತರುತ್ತದೆ.

ಈ ಮಾರ್ಗಕ್ಕೆ ಆಕ್ಷೇಪಗಳೂ ಬಂದಿವೆ. ಸಾಮರಸ್ಯಕ್ಕೆ ಕೊಟ್ಟ ಗಮನವನ್ನು ಅದು ಸಂಘರ್ಷಕ್ಕೆ ಕೊಡಲಿಲ್ಲವೆಂದು ಅನಂತರದ ವಿದ್ವಾಂಸರು ಹೇಳಿದರು. ಅದು ಯುಕ್ತವಾದ ಮಾತು. ಕೂಡಿಸುವ ಆಚರಣೆಯೇ ಕೆಲವರನ್ನು ಹೊರಗಿಡಬಹುದು. ಒಂದೇ ಹಬ್ಬದಲ್ಲಿ ಸೇರಿದವರ ನಡುವೆಯೂ ಮೇಲು ಕೀಳುಗಳ ಗೆರೆ ಉಳಿಯಬಹುದು.

ಭಕ್ತರಿಗೆ ಈ ಶಾಸ್ತ್ರದಿಂದ ದೊರೆಯುವ ಪ್ರಯೋಜನ ಇಲ್ಲಿಯೇ ಇದೆ. ನಮ್ಮ ಜಾತ್ರೆಯಲ್ಲಿ, ದಾಸೋಹದ ಪಂಕ್ತಿಯಲ್ಲಿ ಯಾರು ಕೂಡಿದ್ದಾರೆ, ಯಾರು ದೂರ ನಿಂತಿದ್ದಾರೆ ಎಂಬುದನ್ನು ಕಾಣುವ ಕಣ್ಣನ್ನು ಅದು ಕೊಡುತ್ತದೆ. ಪರತತ್ತ್ವವನ್ನು ಸಾಧನೆಯಿಂದಲೇ ಅರಿಯಬೇಕು. ಆಚರಣೆಯ ಫಲವನ್ನಾದರೋ ನೆರೆಹೊರೆಯವರ ಬಾಳಿನಲ್ಲಿ ನೋಡಬೇಕು. ಮಕ್ಕಳು ಪ್ರಶ್ನಿಸಿದಾಗ ಅವರನ್ನು ಗದರಿಸದೆ, ಅವರೊಡನೆ ನಾವೂ ಕುಳಿತು ಉತ್ತರವನ್ನು ಅರಸುವುದು ಶ್ರೇಯಸ್ಕರ.