ಉಗಿಹಡಗಿನೊಳಗೊಂದು ಕೋಟೆ

ಕಡಲ್ಗಳ್ಳರೆಂದೊಡನೆ, ದೂರದಿಂದ ನಾವೆಯೇರಿ ಬಂದು ಫಿರಂಗಿ ಹಾರಿಸುವವರ ಚಿತ್ರವು ನಮ್ಮ ಕಣ್ಣೆದುರು ನಿಲ್ಲುತ್ತದೆ. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ದಕ್ಷಿಣ ಚೀನದ ಉಗಿಹಡಗುಗಳನ್ನು ಕಾಡಿದ ಕಳ್ಳರ ಕ್ರಮವೇ ಬೇರೆ. ಅವರು ಟಿಕೀಟು ಕೊಂಡು, ಸಾಮಾನ್ಯ ಪ್ರಯಾಣಿಕರಂತೆಯೇ ಹಡಗನ್ನು ಹತ್ತುತ್ತಿದ್ದರು. ಆದುದರಿಂದ ರಕ್ಷಣೆಯ ಕೋಟೆಯನ್ನೂ ಹಡಗಿನ ಒಳಗೇ ಕಟ್ಟಬೇಕಾಯಿತು.

1897ರಲ್ಲಿ ಪಶ್ಚಿಮ ನದಿಯು ವಿದೇಶೀ ವ್ಯಾಪಾರಕ್ಕೆ ತೆರೆಯಿತು. ಬ್ರಿಟಿಷರ ವಶದಲ್ಲಿದ್ದ ಹಾಂಗ್‌ಕಾಂಗಿನಿಂದ ಆ ನದಿಯ ಪಟ್ಟಣಗಳಿಗೆ ಉಗಿಹಡಗುಗಳು ಹೋಗಿಬರತೊಡಗಿದವು. ನದೀಮುಖದಲ್ಲಿ ಕವಲುಗಳು ಅಸಂಖ್ಯ. ಕಳ್ಳರು ಅಡಗಲು ಅನುಕೂಲವಾದ ಸ್ಥಳ. 1911ರ ಕ್ರಾಂತಿಯ ತರುವಾಯ ಆಡಳಿತವು ಸಡಿಲಗೊಂಡುದು ಅವರಿಗೆ ಮತ್ತಷ್ಟು ನೆರವಾಯಿತು.

ಹಡಗಿಗೆ ಎರಡು ಮರ್ಮಸ್ಥಾನಗಳುಂಟು. ಒಂದು, ಕಪ್ತಾನನು ನಿಂತು ಹಡಗನ್ನು ನಡೆಯಿಸುವ ಮೇಲ್ಕಟ್ಟೆ, ಇನ್ನೊಂದು, ಯಂತ್ರಾಗಾರ. ಇವೆರಡೂ ಯಾರ ಕೈಯಲ್ಲಿವೆಯೋ ಹಡಗು ಅವರದು. ಸಂಕೇತ ದೊರೆತೊಡನೆ ಕಳ್ಳರು ಬಚ್ಚಿಟ್ಟ ಪಿಸ್ತೂಲುಗಳನ್ನು ತೆಗೆದು ಏಕಕಾಲದಲ್ಲಿ ಎರಡೂ ಕಡೆಗೆ ನುಗ್ಗುತ್ತಿದ್ದರು. ಕರಾವಳಿಯ ಹಡಗಾದರೆ ಅದನ್ನು ಹಾಂಗ್‌ಕಾಂಗಿನ ಈಶಾನ್ಯದ ಬಯಾಸ್ ಕೊಲ್ಲಿಗೆ ಒಯ್ದು, ಲೂಟಿಯೊಡನೆ ಇಳಿದು ಮಾಯವಾಗುವುದು ರೂಢಿಯಾಗಿತ್ತು.

ಇದಕ್ಕೆ ಪ್ರತಿಯಾಗಿ ಆ ಮರ್ಮಸ್ಥಾನಗಳ ಸುತ್ತ ಕಬ್ಬಿಣದ ಸರಳುಗಳ ತಡೆಯನ್ನು ನಿಲ್ಲಿಸಿ, ಬಾಗಿಲುಗಳಿಗೆ ಬೀಗ ಜಡಿದು, ಬಂದೂಕುಧಾರಿಗಳನ್ನು ಕಾವಲಿಡುತ್ತಿದ್ದರು. ಈ ಕಾವಲುಗಾರರಲ್ಲಿ ಭಾರತದ ಸಿಖ್ಖರೂ ಇದ್ದರು. ಹಡಗು ಹೊರಡುವ ಮೊದಲು ಪ್ರಯಾಣಿಕರನ್ನೂ ಗಂಟುಮೂಟೆಗಳನ್ನೂ ಶೋಧಿಸುತ್ತಿದ್ದರು.

ಆದರೆ ಸರಳುಗಳು ಮನುಷ್ಯನನ್ನು ತಡೆಯಬಲ್ಲವೇ ಹೊರತು ಬೆಂಕಿಯನ್ನು ತಡೆಯಲಾರವು. 1914ರ ಏಪ್ರಿಲಿನಲ್ಲಿ ‘ತೈ ಆನ್’ ಎಂಬ ಹಡಗಿನ ಅಧಿಕಾರಿಗಳು ಕಳ್ಳರನ್ನು ಧೈರ್ಯದಿಂದ ಎದುರಿಸಿದರು. ಗೆಲ್ಲಲಾರದ ಕಳ್ಳರು ಹಡಗಿಗೇ ಬೆಂಕಿಯಿಟ್ಟರು. ನೂರಾರು ಪ್ರಯಾಣಿಕರು ಸುಟ್ಟೋ ಮುಳುಗಿಯೋ ಸತ್ತರು. ಅದೇ ವರ್ಷ ಹಾಂಗ್‌ಕಾಂಗ್ ಸರಕಾರವು ಹಡಗುಗಳ್ಳತನದ ನಿವಾರಣೆಗಾಗಿ ಕಾನೂನು ಮಾಡಿತು.

1926ರ ನವೆಂಬರಿನಲ್ಲಿ ‘ಸನ್ನಿಂಗ್’ ಹಡಗಿನಲ್ಲಿಯೂ ಬೆಂಕಿಯೇ ಕಳ್ಳರ ಕೊನೆಯ ಅಸ್ತ್ರವಾಯಿತು. ಅಲ್ಲಿನ ಅಧಿಕಾರಿಗಳು ಮೇಲ್ಕಟ್ಟೆಯನ್ನು ಮರಳಿ ಗೆದ್ದುಕೊಂಡಿದ್ದರು. ಬೆಂಕಿ ಏರಿದಾಗ ಅವರು ಲಂಗರು ಇಳಿಸಿದರು. ಮುಂಭಾಗದಿಂದ ಲಂಗರು ಹಾಕಿದ ಹಡಗು ತಾನಾಗಿ ಗಾಳಿಗೆ ಮುಖಮಾಡಿ ತಿರುಗುತ್ತದೆಯಷ್ಟೆ. ಹಾಗೆ ತಿರುಗಿದೊಡನೆ ಹೊಗೆಯೂ ಜ್ವಾಲೆಯೂ ಹಿಂಭಾಗದಲ್ಲಿದ್ದ ಕಳ್ಳರ ಕಡೆಗೇ ಸರಿದವು!

ಬ್ರಿಟಿಷ್ ನೌಕಾಪಡೆಯು ನದಿಗಳಲ್ಲಿ ಫಿರಂಗಿದೋಣಿಗಳನ್ನೂ ಇರಿಸಿತ್ತು. ಆದರೆ ಕಳ್ಳರೂ ಪ್ರಯಾಣಿಕರೂ ಒಂದೇ ಹಡಗಿನಲ್ಲಿರುವಾಗ ಗುಂಡು ಯಾರನ್ನು ಬಿಟ್ಟೀತು? 1927ರ ಮಾರ್ಚಿಯಲ್ಲಿ ನೌಕಾಪಡೆಯು ಬಯಾಸ್ ಕೊಲ್ಲಿಯ ಹಳ್ಳಿಗಳಲ್ಲಿ ಮನೆಗಳನ್ನೂ ದೋಣಿಗಳನ್ನೂ ಸುಟ್ಟಿತು. ಹಾವಳಿ ನಿಲ್ಲಲಿಲ್ಲ. ಅಕ್ಟೋಬರಿನಲ್ಲಿ ಅದೇ ಕೊಲ್ಲಿಗೆ ಕಳ್ಳರು ತಂದ ‘ಐರೀನ್’ ಎಂಬ ಚೀನೀ ಹಡಗಿನ ಮೇಲೆ ಬ್ರಿಟಿಷ್ ಜಲಾಂತರ್ಗಾಮಿ ‘ಎಲ್ 4’ ಗುಂಡು ಹಾರಿಸಿತು. ಪ್ರಯಾಣಿಕರಿದ್ದ ಆ ಹಡಗು ಹೊತ್ತಿಕೊಂಡು ಮುಳುಗಿತು.

ಹೀಗೆ ಕಬ್ಬಿಣದ ಕೋಟೆಯು ಹಡಗಿನ ಚುಕ್ಕಾಣಿಯನ್ನು ಕಾದಿತು. ಸರಳುಗಳ ಆಚೆಗಿದ್ದ ಬಡ ಪ್ರಯಾಣಿಕರನ್ನು ಕಾಯುವ ಶಕ್ತಿ ಅದಕ್ಕಿರಲಿಲ್ಲ. ಕಳ್ಳರು ಹುಟ್ಟಿದುದು ದಡದ ಮೇಲಿನ ಅರಾಜಕತೆಯಿಂದ. ಅದಕ್ಕೆ ತಕ್ಕ ಮದ್ದು ಹಡಗು ಕಟ್ಟುವವರ ಕೈಯಲ್ಲಿರಲಿಲ್ಲವೆಂಬುದನ್ನು ನಾವು ಮರೆಯಬಾರದು.