ಕಲ್ಲಿನಲ್ಲಿ ಉಳಿದ ಅಕ್ಷರ

ಜಪಾನಿ ಭಾಷೆ ಕಲಿಯುವವರಿಗೆ ಮೊದಲಿಗೇ ಒಂದು ತೊಡಕು ಎದುರಾಗುತ್ತದೆ. ಬೆಟ್ಟವನ್ನು ಸೂಚಿಸುವ ಒಂದೇ ಕಾಂಜಿ ಚಿಹ್ನೆಯನ್ನು ಅವರು ಒಂದೆಡೆ 'ಯಾಮಾ' ಎಂದೂ, ಫ್ಯೂಜಿ ಪರ್ವತದ ಹೆಸರಿನಲ್ಲಿ 'ಸಾನ್' ಎಂದೂ ಓದಬೇಕು. 'ನಮ್ಮ ಕನ್ನಡಕ್ಕೆ ಆ ಕಷ್ಟವಿಲ್ಲ, ಬರೆದಂತೆ ಓದಿದರಾಯಿತು' ಎಂದು ನೀವು ಹೇಳಬಹುದು. ಆದರೆ ಲಕ್ಷ್ಮೇಶ್ವರದಲ್ಲೋ ಲಕ್ಕುಂಡಿಯಲ್ಲೋ ಹಳೆಯ ಶಾಸನವೊಂದರ ಮುಂದೆ ನಿಂತು ನೋಡಿ. ಅಲ್ಲಿ ನಮಗೂ ಅಂಥದೇ ಒಂದು ಅಕ್ಷರ ಕಾದಿರುತ್ತದೆ. ಅದೇ 'ೞ'. ಕೇಶಿರಾಜನ ಶಬ್ದಮಣಿದರ್ಪಣ ಇದನ್ನು 'ರಳ' ಎಂದು ಕರೆಯುತ್ತದೆ.

ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆಱೆ. 9ನೆಯ ಶತಮಾನದ ಕವಿರಾಜಮಾರ್ಗವು ಕಿಸುವೊೞಲ್, ಕೊಪಣ, ಪುಲಿಗೆಱೆ, ಒಕ್ಕುಂದಗಳ ನಡುವಣ ನಾಡಿನ ಮಾತನ್ನು ಕನ್ನಡದ ತಿರುಳೆಂದು ಎಣಿಸಿತು. ಈ ಹೆಸರುಗಳಲ್ಲಿಯೇ ನಾವು ಕಳೆದುಕೊಂಡ ಎರಡು ಅಕ್ಷರಗಳಿವೆ. 'ಕೆಱೆ'ಯಲ್ಲಿರುವುದು ಶಕಟರೇಫ 'ಱ'. ಕಿಸುವೊೞಲ್ ಎಂದರೆ ಕೆಂಪು ಪಟ್ಟಣ, ಇಂದಿನ ಪಟ್ಟದಕಲ್ಲು. ಅದರಲ್ಲಿರುವುದು 'ೞ'.

ಇದನ್ನು ಉಚ್ಚರಿಸುವುದು ಹೇಗೆ? ನಾಲಗೆಯ ತುದಿಯನ್ನು ಹಿಂದಕ್ಕೆ ಮಡಿಸಿ, ಅಂಗಳಕ್ಕೆ ತಾಗಿಸದೆ ಉಸಿರು ಬಿಡಿ. ತಮಿಳರು ತಮ್ಮ ಭಾಷೆಯ ಹೆಸರಿನ ಕೊನೆಗೆ ಇಂದಿಗೂ ಈ ಧ್ವನಿಯನ್ನೇ ನುಡಿಯುತ್ತಾರೆ.

ಕನ್ನಡದಲ್ಲಿ ಈ ಧ್ವನಿ ಎರಡು ದಾರಿ ಹಿಡಿಯಿತು. ಸ್ವರ ಸೇರಿದ ಕಡೆ 'ಳ' ಆಯಿತು: ಮೞೆ ಮಳೆಯಾಯಿತು, ಕೋೞಿ ಕೋಳಿಯಾಯಿತು. ವ್ಯಂಜನದ ಮುಂದೆ ಮೊದಲು 'ರ್' ಆಗಿ, ಬಳಿಕ ಮುಂದಿನ ಅಕ್ಷರದಲ್ಲಿ ಕರಗಿತು: ಪೊೞ್ತು, ಪೊರ್ತು, ಹೊತ್ತು. ನೀವು ದಿನವೂ 'ಹೊತ್ತಾಯ್ತು' ಎನ್ನುವಾಗ ಈ ಅಕ್ಷರದ ನೆರಳು ನಿಮ್ಮ ಬಾಯಲ್ಲಿರುತ್ತದೆ.

ಶಾಲೆಯ ಮಗು ಕೇಳುವ ಒಂದು ಪ್ರಶ್ನೆಗೂ ಇಲ್ಲಿ ಉತ್ತರವಿದೆ. 'ಕೊಳ್ಳು' ಎಂಬುದು 'ಕೊಂಡ' ಆಗುತ್ತದೆ. ಹಾಗಿದ್ದರೆ 'ಬೀಳು' ಎಂಬುದು 'ಬಿದ್ದ' ಆಗುವುದೇಕೆ? ಕೊಳ್ಳು ಎಂಬುದರಲ್ಲಿ ಮೊದಲಿನಿಂದಲೂ 'ಳ' ಇತ್ತು. ಬೀಳು ಎಂಬುದು ಬೀೞ್ ಆಗಿತ್ತು. ಬಿೞ್ದ, ಬಿರ್ದ, ಬಿದ್ದ ಎಂದು ಅದು ಸವೆಯಿತು.

ಈ ಅಕ್ಷರ ಹೋದಾಗ ಅರ್ಥದ ಗೆರೆಯೊಂದೂ ಅಳಿಸಿತು. 'ಬಾಳ್' ಎಂದರೆ ಕತ್ತಿ, 'ಬಾೞ್' ಎಂದರೆ ಬದುಕು. ಇಂದು ಎರಡಕ್ಕೂ ಒಂದೇ ಬರಹ. ವೀರಗಲ್ಲು ಓದುವವರು ಇವನ್ನು ಅದಲುಬದಲು ಮಾಡಿದರೆ ಸತ್ತ ವೀರನ ಕಥೆಯೇ ಬೇರೆಯಾದೀತು. ಮುಂದೆ ಶಾಸನ ಬರೆದವರೇ ಇವೆರಡನ್ನು ಬೆರೆಸತೊಡಗಿದರು. 13ನೆಯ ಶತಮಾನದಲ್ಲಿ ಕೇಶಿರಾಜನು ರಳವುಳ್ಳ ಪದಗಳನ್ನು ಪಟ್ಟಿ ಮಾಡಿಕೊಡಬೇಕಾಯಿತು. ಆದ್ದರಿಂದ ಈ ಅಕ್ಷರ ತನ್ನ ಜಾಗದಲ್ಲಿ ಸರಿಯಾಗಿದೆಯೇ ಎಂಬುದು ಕಲ್ಲಿನ ಕಾಲವನ್ನು ಊಹಿಸಲು ಒಂದು ಸುಳುಹು.

ಗಣಕಯಂತ್ರದ ಯೂನಿಕೋಡ್ ಪಟ್ಟಿಯಲ್ಲಿ ಇದಕ್ಕೆ ಸ್ಥಾನ ಸಿಕ್ಕಿದೆ; ಆದರೆ ತಪ್ಪಾಗಿ ಇಂಗ್ಲಿಷಿನ 'ಫಾ' ಎಂಬ ಹೆಸರು ಅಂಟಿಕೊಂಡಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವ ಪದ್ಧತಿ ಅಲ್ಲಿಲ್ಲ.

ಲಕ್ಕುಂಡಿಯಲ್ಲಿ ಅತ್ತಿಮಬ್ಬೆಯ 1007ರ ಶಾಸನವಿದೆ, ಮುಂಡರಗಿ ತಾಲೂಕಿನ ಡಂಬಳದಲ್ಲಿ ತಾರಾದೇವಿಯನ್ನು ನೆನೆಯುವ 1095ರ ಶಾಸನವಿದೆ. ಇವು ವಿದ್ವಾಂಸರ ಕಣ್ಣಿಗೆ ಬಿದ್ದು ಉಳಿದವು. ನಿಮ್ಮೂರಿನ ಗುಡಿಯ ಮುಂದೆ, ಹೊಲದ ಬದುವಿನಲ್ಲಿ ಬರಹವುಳ್ಳ ಕಲ್ಲು ಕಂಡರೆ ಸುಣ್ಣ ಬಳಿಯಬೇಡಿ, ಉಳಿಯಿಂದ ಕೆತ್ತಿ ಚೊಕ್ಕಟ ಮಾಡಲೂ ಹೋಗಬೇಡಿ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಒಂದು ಫೋಟೋ ತೆಗೆದು ಪುರಾತತ್ತ್ವ ಇಲಾಖೆಗೆ ತಿಳಿಸಿ. ನಾಲಗೆ ಮರೆತದ್ದನ್ನು ಕಲ್ಲು ನೆನಪಿಟ್ಟುಕೊಂಡಿದೆ. ಅದೂ ಸವೆದರೆ ಮತ್ತೆ ಕೇಳಲು ಯಾರೂ ಇರುವುದಿಲ್ಲ.